ಸಹಾಯ ಬೇಕು: ಅವ್ವನ ನಿಧಾನ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕಾ?

ನಾವು ಬಾಗಲಕೋಟೆ ನವನಗರದವರು. ಅವ್ವನಿಗೆ 74. ಡಯಟ್ ಗಿಯಟ್ ಏನೂ ಇಲ್ಲದೆ ಒಂದೇ ವರ್ಷದಲ್ಲಿ 5 ಕೆಜಿ ಇಳಿದಿದ್ದಾಳೆ. ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದವಳು ಈಗ ನಾಲ್ಕಕ್ಕೇ ಸುಸ್ತಾಗಿ ಕೂರುತ್ತಾಳೆ. ಶುಗರ್, ಥೈರಾಯ್ಡ್ ನಾರ್ಮಲ್. ಡಾಕ್ಟರ್ "ವಯಸ್ಸಾಯ್ತಲ್ಲ" ಅಂದರು. ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ.

ವಯಸ್ಸಾದವರ ದೇಹ ಶಕ್ತಿಗುಂದಿ ಕುಗ್ಗುವುದಕ್ಕೆ (ಫ್ರೇಲ್ಟಿ) 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ತಂಡ ಹೇಳಿದ ಐದು ಗುರುತು ಓದಿದೆ: ತೂಕ ಇಳಿಯುವುದು, ಸುಸ್ತು, ನಿಧಾನ ನಡಿಗೆ, ಸಡಿಲ ಕೈಹಿಡಿತ, ಕಡಿಮೆ ಓಡಾಟ. ಮೂರಿದ್ದರೆ ದೇಹ ಕುಗ್ಗಿದೆ ಅಂತ. ಬೀಳುವ, ಆಸ್ಪತ್ರೆ ಸೇರುವ ಅಪಾಯ ಜಾಸ್ತಿ. ಒಂದೆರಡಿದ್ದರೆ ಅದರ ಹಿಂದಿನ ಹಂತ.

ಅವ್ವನಿಗೆ ಮೊದಲೆರಡು ಖಚಿತ. ಹಿಡಿತ, ಓಡಾಟ ಪರವಾಗಿಲ್ಲ. ನಡಿಗೆ ಮಾತ್ರ ಬಹಳ ನಿಧಾನ, ಆದರೆ ಅದು ಹತ್ತು ವರ್ಷದ ಮೊಣಕಾಲು ನೋವಿನಿಂದ. ನಾನು ಸಿಕ್ಕಿಕೊಂಡಿದ್ದು ಇಲ್ಲೇ.

ಮೊಣಕಾಲಿನಿಂದಾದ ನಿಧಾನವನ್ನೂ ಮೂರನೆಯದಾಗಿ ಎಣಿಸಬೇಕಾ, ಬಿಡಬೇಕಾ? ಡಾಕ್ಟರ್, ಫಿಸಿಯೋ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.