‘ಬಿಗಿ’ ಎಂದರೆ ಯಾವುದು ಬಿಗಿ? ಕಾಡುಹಾದಿಗೆ ಬೈಕ್ ಹೊಂದಿಸುವ ಕೈಪಿಡಿಗೆ ಬೇಕಾದ ಕೆಲವು ಪದಗಳು

ಮಾನ್ಯರೆ,

ಬೆಳಗಾವಿ ಮತ್ತು ಖಾನಾಪುರದ ಸುತ್ತಮುತ್ತ ಡರ್ಟ್ ಬೈಕ್ ಓಡಿಸುವ ಹುಡುಗರಿಗೂ ಅವರ ಗಾಡಿಗಳನ್ನು ನೋಡಿಕೊಳ್ಳುವ ಮೆಕ್ಯಾನಿಕರಿಗೂ ಉಪಯೋಗವಾಗಲೆಂದು ನಾವು ಕೆಲವರು ಒಂದು ಚಿಕ್ಕ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇವೆ. ಮರಗಳ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ, ಬೇರು, ಜಂಬಿಟ್ಟಿಗೆ ಕಲ್ಲು ಮತ್ತು ಮಳೆಗಾಲದ ಕೆಸರಿನ ಮೇಲೆ, ಕಡಿಮೆ ವೇಗದಲ್ಲಿ ಸಾಗಲು ಬೈಕನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದಷ್ಟೇ ಅದರ ವಿಷಯ. ಖಾನಾಪುರದ ಕಾಡು ಎಂದೊಡನೆ ಭೀಮಗಡವನ್ನು ನೆನೆಯುವವರಿಗೆ ಒಂದು ಮಾತು: 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಪ್ರದೇಶದಲ್ಲಿ ಇಂಥ ಸವಾರಿಗೆ ಎಡೆಯಿಲ್ಲ, ಇರಲೂ ಬಾರದು, ನಮ್ಮ ಕೈಪಿಡಿ ಒಡೆಯರ ಅನುಮತಿ ಪಡೆದ ಗೇರುತೋಟಗಳ ಮತ್ತು ಖಾಸಗಿ ಜಮೀನುಗಳ ಹಾದಿಗೆ ಮಾತ್ರ ಸಂಬಂಧಿಸಿದೆ.

ಅದಕ್ಕೆ ಬೇಕಾದ ಪದಗಳ ಬಗ್ಗೆ ಈ ಬಳಗದ ಸದಸ್ಯರ ಸಲಹೆ ಕೇಳಲು ಬರೆಯುತ್ತಿದ್ದೇನೆ, ಆದರೆ ಬಿಡಿಭಾಗಗಳ ಹೆಸರನ್ನು ಕೇಳಲು ಅಲ್ಲ. ಫೋರ್ಕ್ (ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ), ಕ್ಲಚ್, ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಶಾಕಪ್ (ಕುಲುಕಾಟವನ್ನು ತಡೆಯುವ ಸ್ಪ್ರಿಂಗು ಮತ್ತು ಎಣ್ಣೆಯ ಕೊಳವೆ) ಇವೆಲ್ಲ ನಮ್ಮ ಗ್ಯಾರೇಜುಗಳಲ್ಲಿ ಕನ್ನಡದ ವಿಭಕ್ತಿಗಳನ್ನು ಹಚ್ಚಿಕೊಂಡು ಹಾಯಾಗಿವೆ. ಅವುಗಳ ಜಾಗದಲ್ಲಿ ಹೊಸದನ್ನು ಕೂಡಿಸಹೋದರೆ ಓದುವವರೇ ಇರುವುದಿಲ್ಲ. ತೊಡಕಿರುವುದು ಗುಣವನ್ನೂ ಕ್ರಿಯೆಯನ್ನೂ ಹೇಳುವ ಪದಗಳಲ್ಲಿ, ಅದರಲ್ಲೂ ‘ಬಿಗಿ’ ಎಂಬ ಅಚ್ಚಗನ್ನಡದ ಪದದಲ್ಲಿ.

‘ಹಿಂದ ಭಾಳ ಬಿಗಿ ಆಗೈತಿ, ಒಂಚೂರು ಸಡ್ಲ ಮಾಡ್ರಿ’ ಎಂಬುದು ನಮ್ಮ ಭಾಗದ ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುವ ಮಾತು. ಸವಾರನು ತನ್ನ ಸೊಂಟಕ್ಕೆ ತಾಗಿದ ಅನುಭವವನ್ನು ಹೇಳುತ್ತಿದ್ದಾನೆ, ಅದು ಸಹಜವೇ. ಆದರೆ ಅದನ್ನು ಕೇಳಿದ ಮೆಕ್ಯಾನಿಕ್ ಕೈಹಾಕಬಹುದಾದ ಜಾಗಗಳು ಮೂರು. ಒಂದು, ಸ್ಪ್ರಿಂಗಿನ ಸ್ವಂತ ಬಲ, ಅಂದರೆ ಅದನ್ನು ಒಂದು ಮಿಲಿಮೀಟರ್ ಅಮುಕಲು ಬೇಕಾಗುವ ಒತ್ತಡ. ಇದು ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯಿಂದ ತೀರ್ಮಾನವಾಗುವುದರಿಂದ ಸ್ಪ್ರಿಂಗನ್ನೇ ಬದಲಿಸದೆ ಬದಲಾಗದು. ಇನ್ನೊಂದು, ಸ್ಪ್ರಿಂಗಿನ ತಲೆಯ ಮೇಲಿರುವ ರಿಂಗನ್ನು ತಿರುಗಿಸಿ ಅದನ್ನು ಮುಂಚಿತವಾಗಿ ಎಷ್ಟು ಅಮುಕಿ ಇಟ್ಟಿದ್ದೇವೆ ಎಂಬುದು. ರಿಂಗ್ ತಿರುಗಿಸಿದಾಗ ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಬಲ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮತ್ತೊಂದು, ಶಾಕಪ್ಪಿನೊಳಗಿನ ಎಣ್ಣೆ ಸಣ್ಣ ಕಿಂಡಿಗಳಲ್ಲಿ ಹಾಯುವಾಗ ಹುಟ್ಟುವ ತಡೆ, ಅದನ್ನು ಸ್ಕ್ರೂ ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದು. ಈ ಮೂರಕ್ಕೂ ನಾವು ‘ಬಿಗಿ’ ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ, ಮತ್ತು ಸುಲಭವಾಗಿ ಕೈಗೆ ಸಿಗುವುದು ರಿಂಗೇ ಆದ್ದರಿಂದ ಪ್ರತಿ ಬಾರಿಯೂ ತಿರುಗುವುದು ಅದೊಂದೇ.

ಇದರಿಂದ ಆಗುವ ಎಡವಟ್ಟನ್ನು ತಿಳಿಯಲು ಬೈಕಿನ ಇಳಿತವನ್ನು, ಅಂದರೆ ಭಾರ ಬಿದ್ದಾಗ ಅದು ಎಷ್ಟು ತಗ್ಗುತ್ತದೆ ಎಂಬುದನ್ನು, ಅಳೆಯುವ ರೀತಿಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಹಿಂಚಕ್ರ ನೆಲ ಬಿಟ್ಟು ಪೂರ್ತಿ ಜೋತುಬಿದ್ದಿರುವಂತೆ ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಅಚ್ಚಿನಿಂದ ಅದರ ನೇರ ಮೇಲೆ ಮಡ್ಗಾರ್ಡಿನಲ್ಲಿ ಗುರುತಿಸಿದ ಒಂದು ಬಿಂದುವಿನವರೆಗಿನ ಅಂತರವನ್ನು ಅಳೆಯಬೇಕು. 600 ಮಿಲಿಮೀಟರ್ ಬಂದಿತೆಂದುಕೊಳ್ಳೋಣ. ಬೈಕನ್ನು ನೆಲಕ್ಕಿಳಿಸಿ ಸವಾರನಿಲ್ಲದೆ ನೇರವಾಗಿ ಹಿಡಿದು ಅಳೆದಾಗ 565 ಬಂದರೆ, ಗಾಡಿ ತನ್ನ ಭಾರಕ್ಕೆ ತಾನೇ 35 ಮಿಲಿಮೀಟರ್ ತಗ್ಗಿದೆ. ಹೆಲ್ಮೆಟ್, ಬೂಟು, ನೀರಿನ ಚೀಲ ಎಲ್ಲವನ್ನೂ ತೊಟ್ಟ ಸವಾರನು ಹತ್ತಿದ ಮೇಲೆ ಅದು 500ಕ್ಕೆ ಬಂದರೆ, ಒಟ್ಟು 100 ಮಿಲಿಮೀಟರ್ ತಗ್ಗಿದಂತಾಯಿತು. ಹಿಂಚಕ್ರಕ್ಕೆ ಮೇಲೆಕೆಳಗೆ ಸುಮಾರು 300 ಮಿಲಿಮೀಟರ್ ಓಡಾಟವಿರುವ ಪೂರ್ಣ ಗಾತ್ರದ ಎಂಡ್ಯೂರೋ (ಕಾಡುಮೇಡಿನ ದೂರದ ಸವಾರಿಯ) ಬೈಕುಗಳಿಗೆ ಇವು ಒಪ್ಪುವ ಅಳತೆಗಳು. ಸವಾರನ ಸಹಿತ ಇಳಿತ ಒಟ್ಟು ಓಡಾಟದ ಮೂರನೆಯ ಒಂದು ಪಾಲಿನಷ್ಟಿರಬೇಕೆಂಬುದು ಸ್ಥೂಲ ಲೆಕ್ಕ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಹೀರೋ ಎಕ್ಸ್‌ಪಲ್ಸ್ 200ರ ಹಿಂಚಕ್ರದ ಓಡಾಟ 170 ಮಿಲಿಮೀಟರ್ ಮಾತ್ರ ಇರುವುದರಿಂದ ಅಲ್ಲಿ 55ರ ಆಸುಪಾಸು ಸಾಕು. ಅದರ ಪ್ರೊ ಮಾದರಿಯಲ್ಲಿ ಓಡಾಟ 220 ಇರುವುದರಿಂದ 70ರ ಆಸುಪಾಸು ಬೇಕು.

ಈಗ ಎಡವಟ್ಟಿನ ವಿಷಯ. ರಿಂಗನ್ನು ತಿರುಗಿಸಿ ಸವಾರನ ಸಹಿತ ಇಳಿತವನ್ನು 100ಕ್ಕೆ ತಂದಾಯಿತು, ಆದರೆ ಸವಾರನು ಇಳಿದ ಮೇಲೆ ಗಾಡಿ ತನ್ನ ಭಾರಕ್ಕೆ ಹತ್ತು ಮಿಲಿಮೀಟರ್ ಕೂಡ ತಗ್ಗುತ್ತಿಲ್ಲ ಎಂದಿಟ್ಟುಕೊಳ್ಳಿ. ನೋಡಿದವರೆಲ್ಲ ‘ಸ್ಪ್ರಿಂಗ್ ಬಿಗಿ ಐತಿ’ ಎನ್ನುತ್ತಾರೆ. ನಿಜಸ್ಥಿತಿ ಇದಕ್ಕೆ ನೇರ ವಿರುದ್ಧ: ಸ್ಪ್ರಿಂಗ್ ಆ ಸವಾರನಿಗೆ ಮೆದುವಾಗಿದೆ. ಮೆದುವಾದ್ದರಿಂದಲೇ ಅವನ ಭಾರಕ್ಕೆ ಅದು ಹೆಚ್ಚು ತಗ್ಗುತ್ತಿತ್ತು, ಅದನ್ನು ತಡೆಯಲು ರಿಂಗನ್ನು ವಿಪರೀತ ತಿರುಗಿಸಬೇಕಾಯಿತು, ಹಾಗೆ ಮೊದಲೇ ಅಮುಕಿಸಿಕೊಂಡ ಸ್ಪ್ರಿಂಗ್ ಖಾಲಿ ಗಾಡಿಯ ಭಾರಕ್ಕೆ ಜಗ್ಗದಂತಾಯಿತು. ಖಾಲಿ ಗಾಡಿ ಅಗತ್ಯಕ್ಕಿಂತ ಹೆಚ್ಚು ತಗ್ಗಿದರೆ ಆಗ ಸ್ಪ್ರಿಂಗ್ ಬಲವಾಯಿತೆಂದು ಅರ್ಥ. ಇಂಥ ಬೈಕುಗಳು ಕಾರ್ಖಾನೆಯಿಂದ ಸಾಮಾನ್ಯವಾಗಿ 75ರಿಂದ 85 ಕಿಲೋ ತೂಕದ ಸವಾರನಿಗೆ ಹೊಂದುವ ಸ್ಪ್ರಿಂಗಿನೊಂದಿಗೆ ಬರುತ್ತವೆ. ನಮ್ಮ ಹುಡುಗರಲ್ಲಿ ಅನೇಕರು ಅದಕ್ಕಿಂತ ಹಗುರ, ಕೆಲವರು ಚೆನ್ನಾಗಿಯೇ ಭಾರ. ಆದ್ದರಿಂದ ಇದು ಪುಸ್ತಕದ ಸಮಸ್ಯೆಯಾಗಿ ಉಳಿಯದೆ, ಒಂದೇ ಪದವು ತಪ್ಪು ಸ್ಪ್ರಿಂಗನ್ನು ಕೊಳ್ಳುವಂತೆ ಮಾಡುವ ಸಮಸ್ಯೆಯಾಗಿದೆ.

ನನ್ನ ಸಲಹೆ ಹೀಗಿದೆ, ತಿದ್ದಬೇಕಾದಲ್ಲಿ ತಿದ್ದಿರಿ. ಸ್ಪ್ರಿಂಗಿನ ಸ್ವಂತ ಬಲಕ್ಕೆ ‘ಕಡಕ್’ ಮತ್ತು ‘ಮೆದು’ ಎಂಬ ಜೋಡಿ ಇರಲಿ. ರಿಂಗಿನ ಕೆಲಸಕ್ಕೆ ಮಾತ್ರ ‘ಬಿಗಿ’ ಮತ್ತು ‘ಸಡಿಲ’ ಮೀಸಲಾಗಲಿ, ಏಕೆಂದರೆ ಅಲ್ಲಿ ನಿಜವಾಗಿಯೂ ಒಂದನ್ನು ತಿರುಗಿಸಿ ಬಿಗಿಯುತ್ತೇವೆ. ಎಣ್ಣೆಯ ಕೆಲಸಕ್ಕೆ ‘ತಡೆ’ ಎಂದಿಟ್ಟು, ತಡೆ ಹೆಚ್ಚು, ತಡೆ ಕಡಿಮೆ ಎಂದು ಹೇಳೋಣ. ‘ಕಡಕ್’ ಮರಾಠಿಯ ನೆರೆಯಿಂದ ಬಂದದ್ದು, ಅದರ ಬದಲು ‘ಗಡಸು’ ಎನ್ನಬಾರದೇ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಆದರೆ ಫೌಂಡ್ರಿಗಳ ಊರಾದ ಬೆಳಗಾವಿಯಲ್ಲಿ ಗಡಸುತನ ಎಂದರೆ ಲೋಹದ ಮೇಲ್ಮೈ ಗೀರಿಗೂ ಕುಳಿಗೂ ಜಗ್ಗದ ಗುಣ; ಅದು ಬೇರೆಯೇ ಪರೀಕ್ಷೆಯ ವಿಷಯ, ಗಡಸಾದ ಉಕ್ಕಿನಿಂದ ಮೆದು ಸ್ಪ್ರಿಂಗನ್ನು ಧಾರಾಳವಾಗಿ ಮಾಡಬಹುದು. ಕಡಕ್ ರೊಟ್ಟಿ ರಾಜ್ಯದ ಉದ್ದಗಲಕ್ಕೂ ಮಾರಾಟವಾಗುತ್ತಿರುವಾಗ ಆ ಪದವನ್ನು ಬರಹದಲ್ಲಿ ಒಪ್ಪಿಕೊಳ್ಳಲು ಹಿಂಜರಿಯುವ ಕಾರಣ ನನಗೆ ಕಾಣುವುದಿಲ್ಲ, ಆದರೂ ಹಳೆ ಮೈಸೂರು ಮತ್ತು ಕರಾವಳಿಯ ಸದಸ್ಯರ ಕಿವಿಗೆ ಅದು ಹೇಗೆ ಕೇಳುತ್ತದೆ ಎಂದು ತಿಳಿಯಬೇಕಾಗಿದೆ.

ಮೇಲೆ ನಾನು ಸಲೀಸಾಗಿ ಬಳಸಿದ ‘ಇಳಿತ’ವೂ ಇನ್ನೂ ತೀರ್ಮಾನವಾದದ್ದಲ್ಲ. ‘ಕುಸಿತ’ ಎಂಬುದನ್ನು ಕೈಬಿಟ್ಟೆವು; ಗುಡ್ಡ, ಬೆಲೆ, ಸೇತುವೆ ಕುಸಿಯುತ್ತವೆ, ಕುಸಿತ ಕಂಡರೆ ಓದುಗನು ದುರಸ್ತಿಗೆ ಓಡುತ್ತಾನೆ. ಆಡುಮಾತಿನಲ್ಲಿ ‘ಕುಂದ್ರು’ ಎಂಬುದು ಚೆನ್ನಾಗಿ ಹೊಂದುತ್ತಿತ್ತು, ಆದರೆ ‘ಶಾಕಪ್ ಕುಂತೈತಿ’ ಎಂದರೆ ನಮ್ಮ ಮೆಕ್ಯಾನಿಕರ ಲೆಕ್ಕದಲ್ಲಿ ಅದರ ಆಯುಷ್ಯ ಮುಗಿದಿದೆ ಎಂದೇ ಅರ್ಥ. ನಮಗೆ ಬೇಕಾದದ್ದು ದೋಷವನ್ನು ಸೂಚಿಸದ, ಇರಲೇಬೇಕಾದ ತಗ್ಗುವಿಕೆಯನ್ನು ಹೇಳುವ ಪದ. ಚಕ್ರವು ಉಬ್ಬಿನ ಮೇಲೆ ಮೇಲೇಳುವಂತೆಯೇ ಗುಂಡಿಯೊಳಕ್ಕೆ ಕೆಳಗಿಳಿಯಲೂ ಸಾಧ್ಯವಾಗುವುದು ಈ ಇಳಿತ ಇರುವುದರಿಂದಲೇ. ‘ಖಾಲಿ ಇಳಿತ’ ಮತ್ತು ‘ಸವಾರಿ ಇಳಿತ’ ಎಂದು ಎರಡನ್ನೂ ಬೇರ್ಪಡಿಸಬಹುದು. ಆಕ್ಷೇಪವೆಂದರೆ, ಅದೇ ಪುಟದಲ್ಲಿ ಟೈರಿನ ಹವಾ ಇಳಿಸುವ ಮಾತೂ ದಿಬ್ಬ ಇಳಿಯುವ ಮಾತೂ ಬರುತ್ತವೆ. ‘ತಗ್ಗು’ ಎಂದರೆ ನೆಲದ ಗುಂಡಿಯೇ ಮೊದಲು ನೆನಪಾಗುತ್ತದೆ.

ಎಣ್ಣೆಯ ತಡೆಯಲ್ಲಿ ಮತ್ತೆ ಎರಡು ಬಗೆಗಳಿವೆ: ಚಕ್ರ ಮೇಲೆ ಬರುವಾಗ ಶಾಕಪ್ ಅಮುಕಿಕೊಳ್ಳುವ ವೇಗವನ್ನು ಹಿಡಿಯುವುದು ಒಂದು, ಅಮುಕಿಕೊಂಡದ್ದು ಮೊದಲಿನ ಉದ್ದಕ್ಕೆ ಹಿಂದಿರುಗುವ ವೇಗವನ್ನು ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ ‘ಅಮುಕು ತಡೆ’ ಸರಿಯೆನಿಸುತ್ತದೆ. ಎರಡನೆಯದಕ್ಕೆ ಮೊದಲು ‘ಮರಳು ತಡೆ’ ಎಂದು ಬರೆದಿದ್ದೆವು. ಮರಳನ್ನು ಉಸುಕು ಎನ್ನುವ ನಮ್ಮ ಕಡೆಯ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಬೆಂಗಳೂರಿನ ಸ್ನೇಹಿತರು ಮಾತ್ರ ಇದೇನು ಹೊಳೆದಂಡೆಯ ಕಟ್ಟೆಯೇ ಎಂದು ಕೇಳಿದರು. ‘ಪುಟಿತ’ ಎಂಬುದು ಚೆಂಡಿಗೆ ಸರಿ, ಇಲ್ಲಿ ಪುಟಿಯದಂತೆ ಹಿಡಿಯುವುದೇ ಉದ್ದೇಶ. ‘ಹಿಂದಿರುಗು ತಡೆ’ ನಾಲಗೆಗೆ ಭಾರ. ಇಂಥ ತಡೆಗೆ ಭೌತವಿಜ್ಞಾನದಲ್ಲಿರುವ ‘ಅವಮಂದನ’ವನ್ನು ಗ್ಯಾರೇಜಿನಲ್ಲಿ ಉಚ್ಚರಿಸುವ ಧೈರ್ಯ ನನಗಿಲ್ಲ.

ಈ ಎರಡನೆಯ ತಡೆಗೆ ಸ್ಪಷ್ಟ ಹೆಸರು ಬೇಕೇಬೇಕು ಎನ್ನಲು ಕಾರಣವಿದೆ. ಬೇರುಗಳು ಸಾಲಾಗಿ ಬರುವ ಹಾದಿಯಲ್ಲಿ ಈ ತಡೆ ಅತಿಯಾಗಿದ್ದರೆ, ಒಂದು ಬೇರಿಗೆ ಅಮುಕಿಕೊಂಡ ಶಾಕಪ್ ಪೂರ್ತಿ ಹಿಂದಿರುಗುವ ಮೊದಲೇ ಮುಂದಿನ ಬೇರು ಬರುತ್ತದೆ, ಅದಾದ ಮೇಲೆ ಇನ್ನೊಂದು. ಹೀಗೆ ಪ್ರತಿ ಹೊಡೆತಕ್ಕೂ ಶಾಕಪ್ ಗಿಡ್ಡವಾಗುತ್ತ ಹೋಗಿ ಕೊನೆಗೆ ಅಲುಗದಂತಾಗುತ್ತದೆ. ಸವಾರನಿಗೆ ಅದು ಮತ್ತೆ ‘ಬಿಗಿ’ ಎಂದೇ ಅನುಭವವಾಗುತ್ತದೆ. ಅವನು ಅಮುಕು ತಡೆಯನ್ನು ಕಡಿಮೆ ಮಾಡಿಸುತ್ತಾನೆ, ಆಗ ಶಾಕಪ್ ಇನ್ನೂ ಬೇಗ ಅಮುಕಿಕೊಂಡು ತೊಂದರೆ ಹೆಚ್ಚುತ್ತದೆ. ಹಿಂದಿರುಗುವಾಗಿನ ಈ ತಡೆ ತೀರ ಕಡಿಮೆಯಾದರೆ ಬರುವ ದೂರು ‘ಹಿಂದಿಂದ ಒದೀತೈತಿ’ ಎಂಬುದು, ಆ ಮಾತಿನಲ್ಲಿ ಯಾವ ಗೊಂದಲವೂ ಇಲ್ಲ. ಕೈಪಿಡಿಯಲ್ಲಿ ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ.

‘ಏರಿಸು’ ಮತ್ತು ‘ಇಳಿಸು’ ಎಂಬ ಕ್ರಿಯಾಪದಗಳೂ ಇಷ್ಟೇ ಕಾಟ ಕೊಡುತ್ತವೆ. ಮರದಿಂದ ಮರಕ್ಕೆ ಚಕಚಕನೆ ತಿರುಗಬೇಕಾದಲ್ಲಿ, ಫೋರ್ಕಿನ ಕೊಳವೆಗಳನ್ನು ಅವನ್ನು ಹಿಡಿದಿರುವ ಕ್ಲ್ಯಾಂಪಿನಲ್ಲಿ ಐದು ಮಿಲಿಮೀಟರಿನಷ್ಟು ಮೇಲಕ್ಕೆ ಸರಿಸುವುದುಂಟು. ಆಗ ಬೈಕಿನ ಮುಂಭಾಗ ಅಷ್ಟು ತಗ್ಗಿ, ಮುಂಭಾರ ಹೆಚ್ಚಿ, ಹ್ಯಾಂಡಲ್ ಚುರುಕಾಗುತ್ತದೆ. ವೇಗದ ನೇರ ದಾರಿಯಲ್ಲಿ ಸ್ಥಿರತೆ ಸ್ವಲ್ಪ ಕಡಿಮೆಯಾಗುತ್ತದೆ. ಇದನ್ನು ‘ಫೋರ್ಕ್ ಏರಿಸಿ’ ಎಂದು ಬರೆದರೆ ಅರ್ಧ ಜನ ಮುಂಭಾಗವನ್ನು ಎತ್ತರಿಸಬೇಕೆಂದು ತಿಳಿಯುತ್ತಾರೆ. ಇಲ್ಲಿ ಒಂಟಿ ಪದದ ಆಸೆ ಬಿಟ್ಟು, ‘ಮುಂಭಾಗವನ್ನು ತಗ್ಗಿಸಲು ಕೊಳವೆಗಳನ್ನು ಮೇಲಕ್ಕೆ ಸರಿಸಿ’ ಎಂದು ಪೂರ್ತಿ ವಾಕ್ಯವನ್ನೇ ಬರೆಯುವುದು ಲೇಸೆಂದು ನನ್ನ ಅಭಿಪ್ರಾಯ.

ಉಳಿದ ಭಾಗಗಳಲ್ಲಿ ಕನ್ನಡ ಕೈಕೊಟ್ಟಿಲ್ಲ. ಸ್ಪ್ರಾಕೆಟಿನ ‘ಹಲ್ಲು’ ಎಲ್ಲರಿಗೂ ಗೊತ್ತು: ಮುಂದೆ 13, ಹಿಂದೆ 50 ಹಲ್ಲುಗಳಿದ್ದಲ್ಲಿ ಮುಂದಿನದನ್ನು 12ಕ್ಕೆ ತಂದರೆ ಹಿಂದೆ ನಾಲ್ಕು ಹಲ್ಲು ಹೆಚ್ಚಿಸಿದಷ್ಟೇ ಪರಿಣಾಮವಾಗಿ, ಮೊದಲ ಗಿಯರಿನಲ್ಲಿ ನಡಿಗೆಯ ವೇಗದಲ್ಲೂ ಎಂಜಿನ್ ನಿಲ್ಲದೆ ಸಾಗುತ್ತದೆ. ಟ್ಯೂಬಿರುವ ಟೈರಿಗೆ 12ರಿಂದ 15 ಪಿಎಸ್‌ಐ ಹವಾ, ಜೊತೆಗೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನು ಕಿತ್ತುಹಾಕದಂತೆ ರಿಮ್ ಲಾಕ್. ಇದನ್ನು ಹೇಳಲು ಪಂಕ್ಚರ್ ಅಂಗಡಿಯ ಮಾತೇ ಸಾಕು. ಮಾಮೂಲಾಗಿ 800 ಮಿಲಿಮೀಟರಿನಷ್ಟು ಅಗಲವಿರುವ ಹ್ಯಾಂಡಲ್‌ಬಾರನ್ನು ಮರಗಳ ನಡುವೆ ನುಸುಳಲು ಎರಡೂ ತುದಿಗಳಲ್ಲಿ 20 ಮಿಲಿಮೀಟರ್ ಕತ್ತರಿಸುವುದಕ್ಕೂ ಹೊಸ ಪದ ಬೇಡ. ಕ್ಲಚ್ ಮತ್ತು ಬ್ರೇಕಿನ ಲಿವರ್‌ಗಳ ವಿಷಯದಲ್ಲಿ ಮಾತ್ರ ಒಂದು ನವಿರಾದ ಪದ ಬೇಕಾಗಿದೆ. ಬಿದ್ದಾಗ ಮುರಿಯದೆ ತಿರುಗಿಕೊಳ್ಳುವಂತೆ, ಆದರೆ ಓಡಿಸುವಾಗ ಅಲುಗದಂತೆ ಅವುಗಳ ಬೋಲ್ಟನ್ನು ಹಿಡಿಸಬೇಕು. ‘ಸಡಿಲ’ ಎಂದರೆ ಮೆಕ್ಯಾನಿಕ್ ಒಪ್ಪುವುದಿಲ್ಲ, ‘ಬಿಗಿ’ ಎಂದರೆ ಲಿವರ್ ಉಳಿಯುವುದಿಲ್ಲ. ಸದ್ಯಕ್ಕೆ ‘ಹದಬಿಗಿ’ ಎಂದು ಬರೆದಿದ್ದೇವೆ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಹೈಡ್ರಾಲಿಕ್ ಕಾರ್ಖಾನೆಗಳಲ್ಲಿ ದುಡಿದವರು ಯಾರಾದರೂ ಈ ಬಳಗದಲ್ಲಿದ್ದರೆ ಅವರಿಂದ ನಿರ್ದಿಷ್ಟವಾಗಿ ತಿಳಿಯಬೇಕಾದದ್ದು ಇದು: ಸಿಲಿಂಡರಿನ ರಾಡ್ ಹೊರಗೆ ಬರುವ ಮತ್ತು ಒಳಗೆ ಹೋಗುವ ವೇಗವನ್ನು ಎಣ್ಣೆಯ ಕಿಂಡಿಯಿಂದ ಹಿಡಿಯುವಾಗ, ಆ ಎರಡು ದಿಕ್ಕುಗಳನ್ನು ಕೆಲಸಗಾರರು ತಮ್ಮತಮ್ಮಲ್ಲಿ ಯಾವ ಮಾತಿನಿಂದ ಗುರುತಿಸುತ್ತಾರೆ? ಅಲ್ಲಿ ರೂಢಿಯಲ್ಲಿರುವ ಜೋಡಿ ಸಿಕ್ಕರೆ ನಮ್ಮ ‘ಅಮುಕು ತಡೆ’ಯನ್ನೂ ಹೆಸರಿಲ್ಲದ ಅದರ ಜೊತೆಯದನ್ನೂ ತೆಗೆದು ಅದನ್ನೇ ಹಾಕಿಕೊಳ್ಳುತ್ತೇವೆ.