ಅಪ್‌ಡೇಟ್: ಏರುತಗ್ಗಿನ ಕಾಂಕ್ರೀಟ್ ನೆಲ ಕೊನೆಗೂ ಸಮವಾಯಿತು

ಮೈಸೂರಿನ ನಮ್ಮ ಮನೆಯ ಕೋಣೆಗೆ ಲ್ಯಾಮಿನೇಟ್ ಹಲಗೆ ಹಾಸಬೇಕು, ಆದರೆ ಕಾಂಕ್ರೀಟ್ ನೆಲ ಬಾಗಿಲ ಬಳಿ ಉಬ್ಬಿದೆ, ಕಿಟಕಿಯ ಕೆಳಗೆ 12 ಮಿಲಿಮೀಟರ್ ತಗ್ಗಿದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಮೊದಲು ಅಗ್ಗದ ಸಲಹೆಯನ್ನೇ ಹಿಡಿದೆ: ತಗ್ಗಿಗೆ ಸಿಮೆಂಟ್ ಮರಳಿನ ತೆಳು ಗಾರೆ. ನಾಲ್ಕನೇ ದಿನ ಅಂಚು ಬಿರುಕು ಬಿಟ್ಟಿತು. ಕರಣೆಯಿಂದ ಮೀಟಿದರೆ ಹಪ್ಪಳದಂತೆ ಎದ್ದು ಬಂತು. ದಪ್ಪ ಫೋಮ್ ಹಾಸುವ ಉಪಾಯವೂ ಫಲಿಸಲಿಲ್ಲ. ಹಲಗೆಯ ಮೇಲೆ ಕಾಲಿಟ್ಟರೆ ಕುಸಿಯುತ್ತಿತ್ತು.

ಕೈಹಿಡಿದದ್ದು, ‘ಉಬ್ಬನ್ನು ಉಜ್ಜಿ ತೆಗೆಯಿರಿ, ಆಮೇಲೆ ಸೆಲ್ಫ್ ಲೆವೆಲಿಂಗ್ ಮಿಶ್ರಣ (ತಾನಾಗಿಯೇ ಹರಿದು ಸಮವಾಗುವ ಸಿಮೆಂಟ್ ಮಿಶ್ರಣ) ಸುರಿಯಿರಿ’ ಎಂದವರ ಮಾತು. ಧೂಳನ್ನು ಪೂರ್ತಿ ತೆಗೆದು, ಹಿಡಿತಕ್ಕಾಗಿ ಮೊದಲು ಬಳಿಯುವ ಪ್ರೈಮರ್ ಲೇಪ ಹಚ್ಚಿ, ಚೀಲದ ಮೇಲೆ ಬರೆದಷ್ಟೇ ನೀರನ್ನು ಅಳೆದು ಕಲಸಿದೆವು. ಪ್ರೈಮರ್ ಬಿಡಲೇಬೇಡಿ. ಅದಿಲ್ಲದಿದ್ದರೆ ಒಣ ಕಾಂಕ್ರೀಟ್ ನೆಲವು ಮಿಶ್ರಣದ ನೀರನ್ನು ಹೀರಿಬಿಡುತ್ತದೆ, ಗುಳ್ಳೆಗಳೇಳುತ್ತವೆ, ಹಿಡಿತವೂ ಸಿಗುವುದಿಲ್ಲ. ಸುರಿದ ಮೇಲೆ ಕೈಗೆ ಸಿಗುವ ಸಮಯ ಹತ್ತು ಹದಿನೈದು ನಿಮಿಷ ಮಾತ್ರ. ಒಬ್ಬರು ಕಲಸುತ್ತಲೇ ಇರಬೇಕು, ಇನ್ನೊಬ್ಬರು ಹರಡುತ್ತಲೇ ಇರಬೇಕು.

ನಿಜಕ್ಕೂ ಅಚ್ಚರಿಯಾದದ್ದು, ನೆಲದಲ್ಲಿ ತೇವವಿದೆಯೇ ಎಂದು ತಿಳಿಯಲು ನಿಮ್ಮಲ್ಲೊಬ್ಬರು ಹೇಳಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಮಿಶ್ರಣ ಸುರಿಯುವ ಮೊದಲು ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟಿದ್ದೆ. ಬಚ್ಚಲುಮನೆಯ ಗೋಡೆಯ ಕಡೆ ಹಾಳೆಯ ಅಡಿಯಲ್ಲಿ ಸಣ್ಣ ಹನಿಗಳು ಕೂತಿದ್ದವು! ಗೋಡೆಯೊಳಗಿನ ಕೊಳವೆಯ ಜೋಡಣೆ ಸೋರುತ್ತಿತ್ತು. ಅದನ್ನು ಸರಿಪಡಿಸಿ, ನೆಲ ಒಣಗಲು ಎರಡು ವಾರ ಕಾದೆವು. ಆ ಸಲಹೆ ಕೊಟ್ಟವರು ನಮ್ಮ ಹಲಗೆಗಳನ್ನೇ ಉಳಿಸಿದರು.

ಈಗ ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಎಲ್ಲಿಯೂ 2 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣುವುದಿಲ್ಲ. ನಿನ್ನೆ ಹಲಗೆ ಹಾಸಿದೆವು.