ಆಪ್ಟಿಮಮ್ ಬಂದಿದ್ದು ನಮ್ಮ ‘ಉತ್ತಮ’ದಿಂದಾನಾ?

ಜಯನಗರದ ಹುಡ್ಗಿ:
ಆಫೀಸಲ್ಲಿ ದಿನಾ ಆಪ್ಟಿಮಮ್, ಆಪ್ಟಿಮೈಸ್ ಅಂತ ಕೇಳಿ ಕೇಳಿ ಒಂದು ಡೌಟು. ಉತ್ತಮಂ ಅಂತ ಹೇಳ್ದಂಗೇ ಕೇಳ್ಸತ್ತೆ, ಅರ್ಥಾನೂ ಹೆಚ್ಚುಕಮ್ಮಿ ಅದೇ. ಸಂಸ್ಕೃತದಿಂದಾನೇ ಹೋಗಿದ್ದು ಅಂತ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ನಿಜಾನಾ? ಗೊತ್ತಿರೋರು ಹೇಳಿ ಪ್ಲೀಸ್.

ಪದಪ್ರೇಮಿ:
ಸಂಸ್ಕೃತದಿಂದ ಹೋಗಿಲ್ಲ ಮೇಡಂ, ಅದು ಲ್ಯಾಟಿನ್ನಿನ ಓಪ್ತಿಮುಸ್ (ಅತ್ಯುತ್ತಮ) ಅನ್ನೋ ಪದದ ಒಂದು ರೂಪ. ಆದ್ರೆ ನಿಮ್ ಕಿವಿ ಪೂರ್ತಿ ತಪ್ಪಲ್ಲ, ಅದೇ ಇದ್ರಲ್ಲಿ ಮಜಾ. ಉತ್ತಮ ಅಂದ್ರೆ ಉತ್ + ತಮ, ಉತ್ ಅಂದ್ರೆ ಮೇಲೆ, ಎಲ್ಲಕ್ಕಿಂತ ಮೇಲಿರೋದು ಉತ್ತಮ. ಲ್ಯಾಟಿನ್ನಿನ ಓಪ್ತಿಮುಸ್‌ನಲ್ಲಿ ಮೊದಲ ಭಾಗ ಬೇರೆ, ಅದು ಓಪ್ಸ್, ಅಂದ್ರೆ ಸಂಪತ್ತು, ಶಕ್ತಿ ಅಂತ ವಿದ್ವಾಂಸರು ಹೇಳ್ತಾರೆ, ರೋಮನ್ನರ ಸಮೃದ್ಧಿ ದೇವತೆ ಹೆಸ್ರೂ ಓಪ್ಸ್. ಋಗ್ವೇದದಲ್ಲಿ ಸಂಪತ್ತಿಗೆ ಅಪ್ನಸ್ ಅನ್ನೋ ಪದ ಇದ್ಯಲ್ಲ, ಅದಕ್ಕೂ ಓಪ್ಸ್‌ಗೂ ನೆಂಟಸ್ತಿಕೆ. ಕೊನೇ ಭಾಗ ಮಾತ್ರ ನಿಜವಾಗ್ಲೂ ಒಂದೇ ಮೂಲದ್ದು: ಪ್ರಿಯತಮದಲ್ಲಿರೋ ‘ತಮ’, ಓಪ್ತಿಮುಸ್‌ನಲ್ಲಿರೋ ‘ತಿಮುಸ್’. ಹಳೇ ಲ್ಯಾಟಿನ್ ಶಾಸನಗಳಲ್ಲಿ ಓಪ್ತುಮುಸ್ ಅಂತಾನೇ ಬರೀತಿದ್ರು. ತೀರಾ ಒಳಗಿನದು ಅನ್ನೋ ಲ್ಯಾಟಿನ್ ಪದ ಇಂತಿಮುಸ್‌ಗೂ ವೇದದ ‘ಅಂತಮ’ಕ್ಕೂ, ಅಂದ್ರೆ ತೀರಾ ಹತ್ರದ್ದು ಅನ್ನೋದಕ್ಕೂ, ಇದೇ ಸಂಬಂಧ. ಒಂದು ಭಾಷೆ ಇನ್ನೊಂದರಿಂದ ತಗೊಂಡಿಲ್ಲ, ಎರಡಕ್ಕೂ ಅಜ್ಜಿ ಒಬ್ಳೇ.

ಮಲ್ಲೇಶ್ವರಂ ಮೇಷ್ಟ್ರು:
ಚೆನ್ನಾಗಿ ಹೇಳಿದ್ರಿ. ಅರ್ಥದ ಬಗ್ಗೆ ನಂದೊಂದು ಮಾತು, ಮ್ಯಾಕ್ಸಿಮಮ್ಮನ್ನ ಆಪ್ಟಿಮಮ್ ಅಂದ್ಕೊಳ್ಳೋರು ಬಹಳ ಜನ. ಮ್ಯಾಕ್ಸಿಮಮ್ ಅಂದ್ರೆ ಅತಿ ಹೆಚ್ಚು, ಆಪ್ಟಿಮಮ್ ಅಂದ್ರೆ ಇರೋ ಪರಿಸ್ಥಿತೀಲಿ ಅತಿ ಒಳ್ಳೇದು. ನಮ್ಮೂರ ಸಿಗ್ನಲ್‌ಗಳನ್ನೇ ನೋಡಿ, ಗ್ರೀನ್ ತೀರಾ ಚಿಕ್ಕದಿದ್ರೆ ಬದಲಾಗೋದ್ರಲ್ಲೇ ಟೈಮ್ ಹೋಗತ್ತೆ, ತೀರಾ ಉದ್ದ ಬಿಟ್ರೆ ಪಕ್ಕದ ರಸ್ತೇಲಿ ಗಾಡಿ ಸಾಲು ಬೆಳೆಯತ್ತೆ, ನಡುವೆ ಎಲ್ಲೋ ಒಟ್ಟು ಕಾಯೋದು ಅತಿ ಕಮ್ಮಿ ಆಗತ್ತಲ್ಲ ಅದು ಆಪ್ಟಿಮಮ್. ಹಾಗಾಗಿ ಕನ್ನಡದಲ್ಲಿ ಬರೀವಾಗ ಗರಿಷ್ಠ ಅಂತ ಮಾತ್ರ ಹಾಕ್ಬೇಡಿ ಅಂತ ಮಕ್ಕಳಿಗೆ ಯಾವಾಗ್ಲೂ ಹೇಳ್ತೀನಿ.

ಚರಿತ್ರೆ ಹುಚ್ಚ:
ಪದ ಸುತ್ತಿದ ದಾರೀನೂ ನೋಡಿ. ರೋಮ್‌ನ ಕ್ಯಾಪಿಟೋಲಿನ್ ಬೆಟ್ಟದ ದೊಡ್ಡ ದೇವಸ್ಥಾನದ ದೇವರು ಜುಪಿಟರ್ ಓಪ್ತಿಮುಸ್ ಮಾಕ್ಸಿಮುಸ್, ಅಂದ್ರೆ ಅತ್ಯುತ್ತಮ, ಅತಿ ಮಹಾನ್. ಟ್ರಾಜನ್ ಚಕ್ರವರ್ತಿಗೂ ಓಪ್ತಿಮುಸ್ ಬಿರುದು ಸಿಕ್ತು, ನಾಣ್ಯಗಳ ಮೇಲಿದೆ. ಆಮೇಲೆ 1710ರಲ್ಲಿ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್, ಸಾಧ್ಯ ಇರೋ ಲೋಕಗಳಲ್ಲೆಲ್ಲಾ ದೇವರು ಅತ್ಯುತ್ತಮವಾದದ್ದನ್ನೇ ಆರಿಸ್ದ ಅಂತ ವಾದ ಮಾಡ್ದ. ಆ ವಾದಕ್ಕೆ 1737ರಲ್ಲಿ ಜೆಸ್ಯೂಟ್ ಅನ್ನೋ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಫ್ರೆಂಚ್ ಪತ್ರಿಕೆಯೊಂದು ಇಟ್ಟ ಹೆಸ್ರೇ ಆಪ್ಟಿಮಿಸಂ. ಎಲ್ಲಾ ಒಳ್ಳೇದಾಗತ್ತೆ ಅನ್ನೋ ನಂಬಿಕೆಗೆ ಆಪ್ಟಿಮಿಸಂ ಅನ್ನೋದು ಆಮೇಲಿಂದು.

ಜಯನಗರದ ಹುಡ್ಗಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಪದಪ್ರೇಮಿ ಸಾರ್, ‘ಅಂತಿಮ’ಕ್ಕೂ ಈ ‘ಅಂತಮ’ಕ್ಕೂ ಏನಾದ್ರೂ ಸಂಬಂಧ ಇದ್ಯಾ?